ತೂಬಿನ ಬಳಿ ನಾನು ಬಿಟ್ಟುಬಂದ ಪಾಳಿ

ಬರವಣಿಗೆಯಲ್ಲಿ ಪಳಗಿದ ಕೈ ನನ್ನದಲ್ಲ. ಹೇಳುವ ಕ್ರಮದಲ್ಲಿ ಲೋಪಗಳು ಕಂಡರೆ ಓದುಗರು ದಯವಿಟ್ಟು ಮನ್ನಿಸಬೇಕು. ಹೇಳಬೇಕಾದ ಸಂಗತಿಯಲ್ಲಿ ಮಾತ್ರ ನನಗೆ ಯಾವ ಸಂದೇಹವೂ ಇಲ್ಲ — ಐದು ವರ್ಷಗಳ ಹಿಂದೆ ನಮ್ಮೂರಿನ ತೂಬು ಕಾಯುವ ಪಾಳಿಯನ್ನು ಅರ್ಧಕ್ಕೆ ಬಿಟ್ಟುಬಂದವನು ನಾನು. ಬಿಟ್ಟುಬಂದ ಅಪವಾದವನ್ನು ಹೊತ್ತವಳು ಹನುಮವ್ವ. ಹೊರಿಸಿದವನೂ ನಾನೇ.

ನಮ್ಮದು ಗಂಗಾವತಿ ಕಡೆಯ, ಎಡದಂಡೆ ಕಾಲುವೆಯ ಕೊನೆಯ ಭಾಗದ ಊರು. ಮುನಿರಾಬಾದಿನ ಅಣೆಕಟ್ಟಿನಲ್ಲಿ ನೀರು ಬಿಟ್ಟ ಸುದ್ದಿ ನಮಗೆ ಬೇಗ ಮುಟ್ಟುತ್ತದೆ, ನೀರು ತಡವಾಗಿ ಮುಟ್ಟುತ್ತದೆ. ಮೇಲಿನ ಊರುಗಳವರು ನಡುವೆ ನಮ್ಮೂರಿಗೆ ನೀರು ಬಿಡುವ ತೂಬಿನ ಗೇಟು ಇಳಿಸಿಬಿಟ್ಟರೆ ಅದೂ ಇಲ್ಲ. ಆದ್ದರಿಂದ ನಮ್ಮ ಪಾಲಿನ ನೀರು ಹರಿಯುವ ದಿನಗಳಲ್ಲಿ ಮನೆಗೊಬ್ಬರಂತೆ ಸರದಿಯ ಮೇಲೆ ತೂಬಿನ ಬಳಿ ನಿಲ್ಲುವ ಪದ್ಧತಿಯನ್ನು ಊರವರು ಮಾಡಿಕೊಂಡಿದ್ದಾರೆ. ಕಾಯುವವನ ಕೈಯಲ್ಲಿ ಒಂದು ಬಡಿಗೆ. ಮುಂದಿನವರು ಬಂದು ಅದನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವವರೆಗೆ ಅಲ್ಲಿಂದ ಕದಲುವಂತಿಲ್ಲ. ಪಾಳಿ ತಪ್ಪಿಸಿದ ಮನೆಯ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಆ ಮನೆಯ ಹೊಲಕ್ಕೆ ಎಲ್ಲರದೂ ಮುಗಿದ ಮೇಲೆ, ಉಳಿದರೆ, ನೀರು.

ಈ ಕಾವಲಿಗೆ ಊರವರು ಆರಿಸಿದ ಮುಖಂಡರು ಮಾಬುಕಾಕಾ. ಎರಡು ಎಕರೆ ಭತ್ತದ ಗದ್ದೆ, ಬಸ್ ನಿಲ್ದಾಣದ ಬಳಿ ಒಂದು ಸೈಕಲ್ ದುರಸ್ತಿಯ ಅಂಗಡಿ — ಇಷ್ಟೇ ಅವರ ಆಸ್ತಿ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು, ಇತಿಹಾಸದಲ್ಲಿ ಎಂ.ಎ. ಮಾಡಿದವನು. ಹೀಗಾಗಿ ಪಟ್ಟಿ ಬರೆಯುವ ಕೆಲಸವನ್ನು ಅವರು ನನಗೆ ವಹಿಸಿದ್ದರು. ಬರೆಸುವಾಗ ಪ್ರತಿ ವರ್ಷವೂ ಅವರದು ಒಂದೇ ಮಾತು: "ನನ್ನ ಮಗನ ಹೆಸರು ಮೊದಲ ಬರಿ ತಮ್ಮಾ. ಮಧ್ಯಾಹ್ನದ ಪಾಳಿಗೆ ಹಾಕು, ಅಂವಾ ಬಿಸಿಲಿಗೆ ಭಾಳ ಅಂಜತಾನ."

ಆ ವರ್ಷವೇ ನಾನು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದ್ದೆ. ಅಮೆರಿಕದ ಇತಿಹಾಸ ನನ್ನ ಪಾಲಿಗೆ ಬಂದಿತ್ತು. ಸ್ವಾತಂತ್ರ್ಯಕ್ಕೆ ಮೊದಲಿನ ಅಲ್ಲಿನ ಊರುಗಳಲ್ಲಿದ್ದ ನಾಗರಿಕ ಪಡೆಗಳ ಪಾಠವನ್ನು ನಾನು ವಿಶೇಷ ಉತ್ಸಾಹದಿಂದ ಮಾಡುತ್ತಿದ್ದೆ. ಸಂಬಳದ ಸೈನಿಕರಿಲ್ಲದ ಕಡೆ ರೈತರು, ಕಮ್ಮಾರರು ತಮ್ಮ ತಮ್ಮ ಕೋವಿ ಹಿಡಿದು ಊರ ಬಯಲಿಗೆ ಬಂದು ಸೇರುತ್ತಿದ್ದರು. ಹೆಸರು ಕೂಗಿದಾಗ ಹಾಜರಿ ಹೇಳಬೇಕಾಗಿತ್ತು. ಬಹಳ ಊರುಗಳಲ್ಲಿ ನಾಯಕನನ್ನು ಅವರೇ ಆರಿಸುತ್ತಿದ್ದರು. ಇಂದು ಆಜ್ಞೆ ಕೊಟ್ಟವನು ನಾಳೆ ಪಕ್ಕದ ಹೊಲದಲ್ಲಿ ನೇಗಿಲು ಹಿಡಿದಿರುತ್ತಿದ್ದ. ಆದ್ದರಿಂದ ಅವನ ಮಾತಿಗೆ ಬೆಲೆ ಬರುತ್ತಿದ್ದುದು ಅವನು ತಾನೂ ಬಂದು ನಿಲ್ಲುತ್ತಿದ್ದುದರಿಂದ. ಅನುಕೂಲಸ್ಥರು ತಮ್ಮ ಬದಲಿಗೆ ಬೇರೆಯವರನ್ನು ಕಳಿಸಿದ್ದೂ ಉಂಟು, ಆ ಪಡೆಗಳು ಮೂಲನಿವಾಸಿಗಳ ಮೇಲೆ ನಡೆಸಿದ ಕ್ರೌರ್ಯವೂ ಉಂಟು — ಅದನ್ನೆಲ್ಲ ನಾನು ಬೇಗ ಬೇಗ ದಾಟಿಬಿಡುತ್ತಿದ್ದೆ. ಕರ್ತವ್ಯದ ಭಾಗ ಹೇಳಲು ಚೆನ್ನಾಗಿತ್ತು. ಹೇಳುವಾಗ ನಾನೂ ಚೆನ್ನಾಗಿ ಕಾಣುತ್ತಿದ್ದೆ — ಅಥವಾ ಹಾಗೆಂದು ಭಾವಿಸಿದ್ದೆ.

ಆ ಹಂಗಾಮಿನ ಪಟ್ಟಿ ಮಾಡುವ ದಿನ ಹನುಮವ್ವ ಸಭೆಗೆ ಬಂದಳು. ಗಂಡ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿದ್ದವರು ಅವಳು ಮತ್ತು ಹೈಸ್ಕೂಲಿಗೆ ಹೋಗುವ ಮಗಳು ರೇಣುಕಾ. ಪಾಳಿಯಿಂದ ಅವರಿಗೆ ವಿನಾಯಿತಿ ಕೊಡೋಣ, ಎಲ್ಲರೂ ಸೇರಿ ಹೇಗೋ ನೀರು ಹಾಯಿಸೋಣ ಎಂದು ಹಿರಿಯರು ಹೇಳಿದರು. ಅವಳು ಒಪ್ಪಲಿಲ್ಲ. "ಕನಿಕರದ ನೀರು ಬ್ಯಾಡ್ರಿ ನನಗ. ಪಾಳಿ ನೀರು ಕೊಡ್ರಿ," ಎಂದಳು. ಹೆಂಗಸರು ತೂಬು ಕಾದದ್ದು ನಮ್ಮೂರಲ್ಲಿ ಇರಲಿಲ್ಲ. ಸಿದ್ದಣ್ಣ ಎಂಬವರು, ಇದೇನು ಹೊಲದಲ್ಲಿ ಕಳೆ ತೆಗೆಯುವ ಕೆಲಸವೇ ಎಂದು ನಕ್ಕರು. ಆಗ ಎದ್ದು ನಿಂತವನು ನಾನು. ಅಮೆರಿಕದ ಪಡೆಗಳ ಕಥೆಯನ್ನೆಲ್ಲ ಹೇಳಿ, ಮನೆಗೊಬ್ಬರು ಎಂದಮೇಲೆ ಮನೆ ಮುಖ್ಯ, ಗಂಡು ಹೆಣ್ಣು ಎಂಬುದಲ್ಲ ಎಂದು ವಾದಿಸಿದೆ. ಎಲ್ಲರೂ ಕೇಳಿದರು. ಹನುಮವ್ವ ಮಾತ್ರ ಒಂದು ಪ್ರಶ್ನೆ ಕೇಳಿದಳು: "ಸರ, ಅವರ ಪಟ್ಟಿಯಾಗ ಹೆಣ್ಣಮಕ್ಕಳ ಹೆಸರು ಇದ್ದುವೇನ್ರಿ?" ಇರಲಿಲ್ಲ ಎಂದೆ. "ಹಂಗಾದ್ರ ನಮ್ಮೂರ ಪಟ್ಟೀನ ಛಲೋ ಆತು ಬಿಡ್ರಿ," ಎಂದು ನಕ್ಕಳು. ಮಾಬುಕಾಕಾ ಅವಳ ಹೆಸರನ್ನು ಬರೆಸಿದರು. ನನ್ನ ಹೆಸರಿನ ಮುಂದಿನ ಹೆಸರು ಅವಳದು.

ನಮ್ಮ ಪಾಳಿ ಒಂದು ಭಾನುವಾರ ಬಂತು. ಬೆಳಗಿನಿಂದ ಮಧ್ಯಾಹ್ನದವರೆಗೆ ನನ್ನದು, ಅಲ್ಲಿಂದ ಸಂಜೆಯವರೆಗೆ ಅವಳದು. ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿ, ಬಡಿಗೆ ಹಿಡಿದು ತೂಬಿನ ಕಟ್ಟೆಯ ಮೇಲೆ ಕುಳಿತಿದ್ದೆ. ಹನ್ನೊಂದರ ಸುಮಾರಿಗೆ ಮೇಲಿನ ಊರಿನ ಕಡೆಯಿಂದ ಒಂದು ಮೋಟಾರ್ ಸೈಕಲ್ ಬಂತು. ಅದರ ಮೇಲಿದ್ದ ಇಬ್ಬರೂ ನನ್ನ ತರಗತಿಯ ವಿದ್ಯಾರ್ಥಿಗಳು. ಅವರು ಹತ್ತಿರ ಬರುವ ಮೊದಲೇ — ನಾನು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ — ಬಡಿಗೆಯನ್ನು ಕಟ್ಟೆಯ ಹಿಂದೆ ಬೀಳಿಸಿದೆ. ಟವೆಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡೆ.

"ನಮಸ್ಕಾರ್ರಿ ಸರ. ಏನ್ರಿ, ನೀವೂ ತೂಬು ಕಾಯಾಕ ಬಂದೀರೇನು?"

ಹುಡುಗನ ದನಿಯಲ್ಲಿ ಕುಚೋದ್ಯವಿತ್ತೋ, ಬರೀ ಆಶ್ಚರ್ಯವಿತ್ತೋ, ಇಂದಿಗೂ ತಿಳಿಯದು. ನಾನು ತರಗತಿಯಲ್ಲಿ ಆಡುವ ಕನ್ನಡದಲ್ಲಿಯೇ ಉತ್ತರಿಸಿದೆ: "ಇಲ್ಲ, ಇಲ್ಲ. ಸುಮ್ಮನೆ ವಾಯುವಿಹಾರಕ್ಕೆಂದು ಬಂದಿದ್ದೆ."

ವಾಯುವಿಹಾರಕ್ಕೆ ಬಂದವನು ಅಲ್ಲಿಯೇ ಕುಳಿತಿರುವುದು ಹೇಗೆ? ಎದ್ದು ನಡೆದೆ. ಅವರು ನೋಡುತ್ತಿರುವರೆಂದು ಭಾವಿಸಿ ಕಾಲುವೆಯ ದಂಡೆಗುಂಟ ದೂರದವರೆಗೆ ನಡೆದೆ. ಅವರು ಹೋದ ಮೇಲೆ ಹಿಂದಿರುಗಬಹುದಿತ್ತು. ಮತ್ತೆ ಯಾರಾದರೂ ಬಂದರೆ — ಮತ್ತೆ ಅದೇ ಪ್ರಶ್ನೆ ಕೇಳಿದರೆ — ಎಂದುಕೊಳ್ಳುತ್ತಲೇ ಮನೆ ತಲುಪಿದೆ. ಇನ್ನೊಂದು ಗಂಟೆಯಲ್ಲಿ ಹನುಮವ್ವ ಬರುತ್ತಾಳಲ್ಲ, ಅಷ್ಟರಲ್ಲಿ ಏನಾಗುತ್ತದೆ ಎಂದುಕೊಂಡೆ.

ಅಷ್ಟರಲ್ಲಿ ಗೇಟು ಇಳಿದಿತ್ತು. ಇಳಿಸಿದವರು ಆ ಹುಡುಗರೇ ಎಂದು ನಾನು ಹೇಳಲಾರೆ. ನಾನು ನೋಡಲಿಲ್ಲ. ನೋಡುವುದೇ ನನ್ನ ಕೆಲಸವಾಗಿತ್ತು. ಗೇಟು ಎತ್ತುವ ಹಿಡಿಕೆಯನ್ನೂ ಕಳಚಿಕೊಂಡು ಹೋಗಿದ್ದರು. ಹನುಮವ್ವ ಸಮಯಕ್ಕೆ ಸರಿಯಾಗಿ ಬಂದು, ಯಾರನ್ನೂ ಕಾಣದೆ, ಕಟ್ಟೆಯ ಹಿಂದೆ ಬಿದ್ದಿದ್ದ ಬಡಿಗೆಯನ್ನು ಎತ್ತಿಕೊಂಡು ಊರಿನ ಕಡೆ ಕೂಗುತ್ತ ಓಡಿದಳು. ಜನ ಬಂದಾಗ ಕಂಡದ್ದು ಇಷ್ಟು — ಗೇಟು ಮುಚ್ಚಿದೆ, ಬಡಿಗೆ ಅವಳ ಕೈಯಲ್ಲಿದೆ. ಬೇರೆ ಹಿಡಿಕೆ ತಂದು ಗೇಟು ಎತ್ತುವಷ್ಟರಲ್ಲಿ ನಮ್ಮ ಪಾಲಿನ ಅವಧಿ ಮುಗಿದಿತ್ತು. ಕೊನೆಯ ಗದ್ದೆಗಳಲ್ಲಿ ನಾಟಿ ಮಾಡಿದ್ದ ಸಸಿಗಳು ಆ ವಾರದಲ್ಲಿ ಒಣಗಿದವು.

ಸಭೆ ಸೇರಿತು. ಮಾಬುಕಾಕಾ ನನ್ನನ್ನು ನೇರವಾಗಿ ಕೇಳಿದರು. ಆಕೆ ಬೇಗನೆ ಬಂದಿದ್ದಳು, ಬಡಿಗೆಯನ್ನು ಕೈಗೆ ಕೊಟ್ಟೇ ಬಂದೆ ಎಂದೆ. ಇಷ್ಟನ್ನು ಹೇಳಲು ನನಗೆ ಎರಡು ಉಸಿರಿನ ಹೊತ್ತೂ ಬೇಕಾಗಲಿಲ್ಲ.

"ಬಡಿಗಿ ನೆಲದ ಮ್ಯಾಲೆ ಬಿದ್ದಿತ್ರಿ," ಎಂದಳು ಹನುಮವ್ವ. "ನಾ ಎತ್ಕೊಂಡೆ. ಸರ ಅಲ್ಲಿ ಇರಲೇ ಇಲ್ಲ."

"ಎಂ.ಎ. ಓದಿದವರು ಸುಳ್ಳ ಹೇಳತಾರೇನವ್ವಾ?" ಎಂದರು ಸಿದ್ದಣ್ಣ.

ನಡುವೆ ಮೇವು ಕೊಯ್ಯಲು ಹೋಗಿರಬೇಕು ಎಂದು ಯಾರೋ ಊಹಿಸಿದರು. ನಾನು ಅಲ್ಲಗಳೆಯಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಪಟ್ಟಿಯ ಹಾಳೆಯನ್ನು ನೋಡುತ್ತಿದ್ದೆ. ಹೆಸರು ತೆಗೆಯಬೇಕೆಂದು ತೀರ್ಮಾನವಾದಾಗ ಪೆನ್ನು ನನ್ನ ಕೈಯಲ್ಲಿಯೇ ಇತ್ತು. ಗೆರೆ ಸೊಟ್ಟಗಾಗಬಾರದೆಂದು ಸ್ಕೇಲು ಇಟ್ಟು ಎಳೆದೆ.

ಐದು ವರ್ಷ. ಅವಳ ಹೊಲಕ್ಕೆ ಎಲ್ಲರದೂ ಮುಗಿದ ಮೇಲೆ ನೀರು ಹೋಯಿತು. ಕೆಲವು ಸಲ ಹೋಗಲಿಲ್ಲ. ಅವಳು ಬೇರೆಯವರ ಗದ್ದೆಗಳಲ್ಲಿ ನಾಟಿಗೆ ಹೋದಳು. ಪಾಳಿಗೆ ಮತ್ತಾವ ಹೆಂಗಸಿನ ಹೆಸರೂ ಸೇರಲಿಲ್ಲ. ಮಾತು ಬಂದಾಗಲೆಲ್ಲ, ನೋಡಿದೆವಲ್ಲ ಆ ವರ್ಷ ಎನ್ನುತ್ತಿದ್ದರು. ನಾನು ಪ್ರತಿ ವರ್ಷವೂ ಅದೇ ಪಾಠವನ್ನು ಮಾಡಿದೆ.

ಕಳೆದ ವರ್ಷ ರೇಣುಕಾ ನನ್ನ ತರಗತಿಗೆ ಸೇರಿದಳು. ನಾಗರಿಕ ಪಡೆಗಳ ನಾಯಕರಿಂದ ನಾವು ಕಲಿಯಬಹುದಾದ ಕರ್ತವ್ಯ ಯಾವುದು ಎಂದು ಬರೆದು ತರಲು ಹೇಳಿದ್ದೆ. ಅವಳ ಹಾಳೆಯ ಕೊನೆಯಲ್ಲಿ ಹೀಗಿತ್ತು: ಪಾಳಿ ತಪ್ಪಿಸಿದವರನ್ನು ಪಟ್ಟಿಯಿಂದ ತೆಗೆಯುವುದು ಕಠಿಣವಾದರೂ ನ್ಯಾಯ; ನಮ್ಮ ಮನೆಯ ಹೆಸರನ್ನೂ ನಮ್ಮ ತಾಯಿಯ ತಪ್ಪಿಗಾಗಿ ಹಾಗೆಯೇ ತೆಗೆದಿದ್ದಾರೆ; ಅದನ್ನು ನಾನು ಒಪ್ಪಿಕೊಳ್ಳಲು ಕಲಿತಿದ್ದೇನೆ. ನಾನು ಆಗಲೇ ಅಂಚಿನಲ್ಲಿ ಕೆಂಪು ಶಾಯಿಯಿಂದ "ಉತ್ತಮ" ಎಂದು ಬರೆದುಬಿಟ್ಟಿದ್ದೆ. ಆಮೇಲೆ ಮತ್ತೊಮ್ಮೆ ಓದಿದೆ.

ನೀರು ಹೋಗಿತ್ತು, ಹೆಸರು ಹೋಗಿತ್ತು — ಅವು ನನಗೆ ಗೊತ್ತಿದ್ದವು. ಹೊತ್ತು ಮುಳುಗಿದ ಮೇಲೆ ತಾಯಿ ಮಗಳು ಇಬ್ಬರೇ ಉಣ್ಣುವ ಆ ಮನೆಯೊಳಗೂ ನನ್ನ ಮಾತೇ ನಿಜವಾಗಿ ಕುಳಿತಿದೆ ಎಂಬುದು ಗೊತ್ತಿರಲಿಲ್ಲ.

ಈ ಹಂಗಾಮಿನ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಬರೆದುಕೊಂಡು ಹೋಗಿದ್ದ ಹಾಳೆಯನ್ನು ಓದಲಾಗಲಿಲ್ಲ. ಯಾರೂ ಬೈಯಲಿಲ್ಲ. ಮಾಬುಕಾಕಾ, "ಆಕಿ ಮಾತು ನಾ ಕೇಳಲಿಲ್ಲಲ್ಲ. ನನ್ನ ತಪ್ಪೂ ಬರಕೋರಿ," ಎಂದರು. ಅದುವರೆಗೂ ನನ್ನನ್ನು ತಮ್ಮಾ ಎಂದು ಏಕವಚನದಲ್ಲಿ ಕರೆಯುತ್ತಿದ್ದವರು ಅಂದು ಮೊದಲ ಸಲ ಬಹುವಚನದಲ್ಲಿ ಮಾತಾಡಿದರು. ಆ ಮುಖಂಡತನವನ್ನೂ ಅಂದೇ ಬಿಟ್ಟರು.

ಹನುಮವ್ವ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಕ್ಷಮಿಸಬೇಕು ಎಂದು ನಾನು ಹೇಳಲು ಹೊರಟಾಗ ತಡೆದಳು.

"ಊರ ಮುಂದ ಹೇಳಿದ್ರಿ, ಆತು. ನನ್ನ ಮಗಳ ಮುಂದ ಹೇಳ್ರಿ."

ಅಂದೇ ಅವರ ಮನೆಗೆ ಹೋದೆ. ಅಂಗಳದಲ್ಲಿ ನಿಂತೇ ಹೇಳಿದೆ. ರೇಣುಕಾ ನನ್ನ ಕಡೆ ನೋಡಲಿಲ್ಲ. ತಾಯಿಯ ಕಡೆ ತಿರುಗಿ, "ಅವ್ವಾ, ನನಗರ ಯಾಕ ಇನ್ನೊಮ್ಮೆ ಹೇಳಲಿಲ್ಲ ನೀನು?" ಎಂದಳು. "ಒಮ್ಮೆ ಹೇಳಿದ್ದೆ," ಎಂದಳು ಹನುಮವ್ವ. ಮುಂದಿನ ಮಾತು ಅವರಿಬ್ಬರದು. ನಾನು ಹೊರಬಂದೆ.

ಹನುಮವ್ವನ ಹೆಸರು ಪಟ್ಟಿಗೆ ಮರಳಿದೆ, ಅವಳ ಗದ್ದೆಗೆ ಸರದಿಯಲ್ಲಿ ನೀರು ಬರುತ್ತಿದೆ. ಪಟ್ಟಿಯನ್ನು ಈಗ ಬೇರೆಯವರು ಬರೆಯುತ್ತಾರೆ. ರೇಣುಕಾ ತರಗತಿಗೆ ಬರುತ್ತಾಳೆ. ಪ್ರಶ್ನೆ ಕೇಳುವುದಿಲ್ಲ, ಕೇಳಬೇಕೆಂದು ನಾನು ಬಯಸುವಂತೆಯೂ ಇಲ್ಲ. ನಮ್ಮ ಮನೆಯ ಹೆಸರನ್ನು ಐದು ವರ್ಷಗಳ ಮಟ್ಟಿಗೆ ತೆಗೆದಿದ್ದಾರೆ. ಅಪ್ಪನನ್ನು ಊರಲ್ಲಿ ಸರ್ ಅವರ ಅಪ್ಪ ಎಂದು ಕರೆಯುತ್ತಿದ್ದವರು ಈಗ ಬಸಪ್ಪ ಎನ್ನುತ್ತಾರೆ. ಕೊನೆಯ ನೀರನ್ನು ನಂಬಿ ಭತ್ತ ಹಚ್ಚುವಂತಿಲ್ಲವೆಂದು, ಅಪ್ಪ ಈ ವರ್ಷ ನಮ್ಮ ಹೊಲದಲ್ಲಿ ಮಳೆಗೇ ಬೆಳೆಯುವ ಸಜ್ಜೆ ಬಿತ್ತಿದ.