ಮುಖಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆ

ಒಬ್ಬರೇ ನೀರಿಗಿಳಿಯಬಾರದು ಎಂಬುದು ಸ್ಕೂಬಾ ಡೈವಿಂಗಿನ ಮೊದಲ ಪಾಠ. ನನ್ನ ಜೊತೆಗಾತಿ ಟೆಕ್ಸಾಸಿಗೆ ಮನೆ ಬದಲಿಸಿದ ಮೇಲೆ ವರ್ಷವಿಡೀ ದಡದಲ್ಲೇ ಉಳಿದೆ. ಅಡುಗೆ, ಊಟ, ವಾಕಿಂಗು ಎಲ್ಲ ಒಬ್ಬಳೇ ಮಾಡಿ ಅಭ್ಯಾಸವಾಗಿದೆ. ಇದೊಂದಕ್ಕೆ ಮಾತ್ರ ಇನ್ನೊಬ್ಬರು ಬೇಕೇ ಬೇಕು. ಕೊನೆಗೆ ಇಲ್ಲೇ ಸನ್ನಿವೇಲ್ ಊರಿನ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ, ಡೈವಿಂಗ್ ಬಲ್ಲ ಮಂಡ್ಯದ ನರ್ಸೊಬ್ಬಳು ಸಿಕ್ಕಳು.

"ಒಂದ್ಸಲ ಹೋಗ್ನೋಡಾಣ ಅಕ್ಕ, ಸರಿಹೋದ್ರೆ ಆಮೇಲ್ ನೋಡಾಣ" ಎಂದಳು.

ಸರಿಹೋಗಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹೋದ ಶನಿವಾರ ಹೊರಡುವ ಮುಂಚೆ, ಉಪ್ಪುನೀರಿನ ಚಳಿಗೆ ಕೆನ್ನೆ ಒಡೆಯದಿರಲಿ ಎಂದು, ಡಬ್ಬಿಯಲ್ಲಿ ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯನ್ನು ಕೆರೆದು ಮುಖಕ್ಕೆಲ್ಲ ತಿಕ್ಕಿಕೊಂಡೆ. ಹಿಂದೆ ಹಾಗೆ ಮಾಡಿದವಳಲ್ಲ. ಈಚೆಗೆ ಚರ್ಮ ತೀರಾ ಒಣಗುತ್ತಿದೆ. ಚಳಿಗಾಲದಲ್ಲಿ ಅಮ್ಮ ಹಚ್ಚುತ್ತಿದ್ದುದು ನೆನಪಾಯಿತು.

ಸಮುದ್ರದ ತಳದ ಹಸಿರು ಮಬ್ಬಿನಲ್ಲಿ, ನಾವು ನೋಡಲು ಇಳಿದಿದ್ದ ಹಳೆಯ ಮುಳುಗಿದ ಹಡಗು ಚೂರುಚೂರಾಗಿ ಬಿದ್ದಿತ್ತು. ಮೊದಲು ಒಂದು ತಗಡು, ಆಚೆ ಪಕ್ಕೆಲುಬಿನಂಥ ಕಬ್ಬಿಣದ ಪಟ್ಟಿಗಳು, ಮರಳಲ್ಲಿ ಅರ್ಧ ಹೂತ ಬಾಯ್ಲರು, ಅದರ ಮೈತುಂಬ ಬಿಳಿ ಹೂವಿನಂಥ ಜೀವಿಗಳು. ಹತ್ತಿರ ಹೋಗುವಷ್ಟರಲ್ಲಿ ಕಣ್ಣಿಗೆ ತಣ್ಣೀರು ನುಗ್ಗಿತು. ಎಣ್ಣೆಯ ಜಿಡ್ಡಿಗೆ, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕು ಕೆನ್ನೆಗೆ ಕೂರದೆ ಜಾರುತ್ತಿತ್ತು. ಮೂಗಿನಿಂದ ಗಾಳಿ ಊದಿ ನೀರು ಹೊರಗೆ ಹಾಕಿದೆ, ಮತ್ತೆ ತುಂಬಿತು. ಅವಳು ಹೆಬ್ಬೆರಳು ಮೇಲೆತ್ತಿದಳು: ಮೇಲಕ್ಕೆ ಹೋಗೋಣ. ಒಬ್ಬರು ಹತ್ತಿದರೆ ಇಬ್ಬರೂ ಹತ್ತಬೇಕು. ನನ್ನಿಂದ ಅವಳ ಡೈವೂ ಕೆಟ್ಟಿತು.

ದಡದಲ್ಲಿ ನನ್ನ ಮುಖ ಮೂಸಿದಳು.

"ಅಯ್ಯೋ ಅಕ್ಕ, ಡೈವಿಂಗಿಗ್ ಬಂದ್ರಾ, ಎಣ್ಣೆ ಸ್ನಾನಕ್ ಬಂದ್ರಾ?"

"ನಗಬೇಡ್ವೇ, ಬೈದ್ಬಿಡು."

"ಬೈಯಕ್ ಟೈಮಿಲ್ಲ, ಮಧ್ಯಾಹ್ನ ಡ್ಯೂಟಿ. ಕಣ್ಣು ಮುಚ್ಕಳಿ."

ಮಾಸ್ಕಿಗೆ ಮಂಜು ಕಟ್ಟದಿರಲೆಂದು ಸವರುವ ಬೇಬಿ ಶಾಂಪೂವನ್ನು ಅಂಗೈಗೆ ಸುರಿದುಕೊಂಡು ಅವಳೇ ನನ್ನ ಮುಖ ತಿಕ್ಕಿ ತೊಳೆದಳು. ಇನ್ನೊಬ್ಬರ ಕೈ ನನ್ನ ಕೆನ್ನೆಗೆ ತಾಗಿ ಎಷ್ಟು ಕಾಲವಾಗಿತ್ತೋ. ಮತ್ತೆ ಬರುತ್ತೀಯಾ ಎಂದು ಕೇಳಬೇಕೆಂದುಕೊಂಡೆ, ಕೇಳಲಾಗಲಿಲ್ಲ.

"ನಮ್ಮನೇಲ್ ಟಬ್ಬಿಲ್ಲ, ನನ್ ಸೂಟೂ ತೊಳ್ದಾಕಿ. ಆಮೇಲ್ ಬಂದ್ ಇಸ್ಕತೀನಿ" ಎಂದು ತನ್ನ ಒದ್ದೆ ರಬ್ಬರ್ ಸೂಟನ್ನು ನನ್ನ ಕಾರಿನಲ್ಲಿ ಹಾಕಿ ಹೊರಟುಹೋದಳು.

ಸಿಹಿನೀರಿನಲ್ಲಿ ಎರಡನ್ನೂ ಅದ್ದಿ ತೊಳೆದು ಬಾಲ್ಕನಿಯಲ್ಲಿ ನೇತುಹಾಕಿದೆ. ಅವಳದು ಮಂಗಳವಾರವೇ ಒಣಗಿತು. ಒಳಮೈ ಹೊರಗೆ ಮಾಡಿ ಮತ್ತೆ ಹಾಕಿದ್ದೇನೆ. ಒಣಗಿದೆ ಎಂದು ಮೆಸೇಜು ಕಳಿಸಬೇಕು. ಕಳಿಸಿದರೆ ಬಂದು ತೆಗೆದುಕೊಂಡು ಹೋಗಿಬಿಡುತ್ತಾಳೇನೋ ಎಂದು ಇನ್ನೂ ಕಳಿಸಿಲ್ಲ.