ಬಿಜಲಿಯ ಮೈಯೊಳಗಿನ ನಂಬರು

ನಮ್ಮ ಪಕ್ಕದ ಮನೆಯ ಡ್ರೈವರ್ ಕಾಕಾರ ಬಲಗೈ ಎಡಗೈಗಿಂತ ಕಪ್ಪಗಿತ್ತು. ವರ್ಷಗಟ್ಟಲೆ ಟೆಂಪೋದ ಕಿಟಕಿಯ ಮೇಲೆ ಊರಿ ಬಿಸಿಲುಂಡ ಕೈ. ಆ ಕೈ ಇನ್ನೊಬ್ಬರ ನಾಯಿಗೆ ಚಾಚಿತು, ಸಿಕ್ಕಿಬಿತ್ತು, ನಾಚಿಕೆಯಿಂದಲೇ ಆಸಾಮಿ ಸತ್ತ ಎಂದು ರಾಮದುರ್ಗದ ನಮ್ಮ ಓಣಿಯಲ್ಲಿ ಈಗಲೂ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸಾವಿನ ಮಾತು ಮೊದಲು ಮುಗಿಸುತ್ತೇನೆ: ಕಾಕಾರಿಗೆ ಎದೆನೋವು ಹಳೆಯದು, ಗುಳಿಗೆ ನುಂಗುತ್ತಿದ್ದರು. ಉಳಿದದ್ದಕ್ಕೆ ಬಿಜಲಿಯಿಂದ ಶುರು ಮಾಡಬೇಕು.

ಬಿಜಲಿ ಮುಧೋಳ ತಳಿಯ ಹೆಣ್ಣುನಾಯಿ. ಬೆನ್ನಿಗಂಟಿದ ಹೊಟ್ಟೆ, ಉದ್ದ ಕಾಲು. ಕಾಕಾ ಐದು ಹೊತ್ತು ನಮಾಜು ತಪ್ಪಿಸದವರು. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜಿಗೆ ನಿಲ್ಲುವಂತಿಲ್ಲ ಎಂದು ಹಿತ್ತಲ ಗೂಟಕ್ಕೆ ಒಂದು ನೀಲಿ ಅಂಗಿ ತೂಗಿಹಾಕಿದ್ದರು. ಅದನ್ನು ತೊಟ್ಟು ಅವಳೊಡನೆ ಆಡಿ, ಕಳಚಿಟ್ಟು, ತೊಳೆದುಕೊಂಡು ಮಸೀದಿಗೆ ಹೋಗುವರು. ಇಷ್ಟೆಲ್ಲ ತಾಪತ್ರಯ ಯಾಕೆಂದು ಕೆಣಕಿದೆ.

“ದೇವರಿಗೊಂದು ಅಂಗಿ, ನಾಯಿಗೊಂದು ಅಂಗಿ. ಇದರಾಗ ಜಗಳಾ ಎಲ್ಲೈತ್ರಿ ವಕೀಲ್ರ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳನ್ನು ನೋಡಿ ಅವರೇ ಇಟ್ಟ ಹೆಸರದು. ಕೇಸಿಲ್ಲದ ವಕೀಲ ಎಂದು ಓಣಿಗೆಲ್ಲ ಪರಿಚಯಿಸುತ್ತಿದ್ದರು. ನನ್ನ ಯಾವ ವಾದವನ್ನೂ ಅವರು ನಗದೆ ಕೇಳಿದವರಲ್ಲ, ಪೂರ್ತಿ ಕೇಳದೆ ಬಿಟ್ಟವರೂ ಅಲ್ಲ.

ನಮ್ಮ ಕಡೆ ಬೇಟೆನಾಯಿಗೆ ಗುರುತು ಹಾಕುವುದೆಂದರೆ ಕಿವಿ ಸೀಳುವುದು; ಒಂದೊಂದು ಮನೆತನಕ್ಕೆ ಒಂದೊಂದು ಸೀಳು. ಕಾಕಾರಿಗೆ ಅದು ಆಗದ ಮಾತು. ಬಿಜಲಿಯನ್ನು ಬೆಳಗಾವಿಯ ಡಾಕ್ಟರರ ಬಳಿ ಒಯ್ದು, ಕುತ್ತಿಗೆಯ ಹಿಂದೆ ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ಚಿಪ್ ಹಾಕಿಸಿ ತಂದರು. ಅದರೊಳಗೊಂದು ನಂಬರು. ಯಂತ್ರ ಹಿಡಿದರಷ್ಟೇ ಕಾಣುವುದು, ಜೀವ ಇರುವತನಕ ಅಳಿಯದ್ದು.

“ಗಾಡಿಗೆ ಚೇಸಿ ನಂಬರ್ ಇದ್ದಂಗ. ಬಣ್ಣಾ ಬದಲಿ ಮಾಡಬಹುದು, ಪ್ಲೇಟ್ ಕೀಳಬಹುದು. ಚೇಸಿ ನಂಬರ್ ಸುಳ್ಳ ಹೇಳೂದಿಲ್ಲ,” ಎಂದರು.

ಅಂದೇ ಅವಳ ಕೊರಳಪಟ್ಟಿ ಬಿಚ್ಚಿದರು. ಅವರ ಹಿಂದಿನ ನಾಯಿಯೊಂದು ಹೊಲದ ಮುಳ್ಳುತಂತಿಗೆ ಪಟ್ಟಿ ಸಿಕ್ಕಿ ನೇತಾಡಿ ಸತ್ತಿತ್ತು. ಒಳಗೇ ನಂಬರಿದ್ದ ಮೇಲೆ ಹೊರಗಿನ ಉರುಲು ಯಾಕೆ ಎಂಬುದು ಅವರ ತರ್ಕ. ನನಗೂ ಸರಿಯೆನಿಸಿತ್ತು. ಆದರೆ ಪಟ್ಟಿಯಿಲ್ಲದ ನಾಯಿ ನೋಡುವವರ ಕಣ್ಣಿಗೆ ಯಾರದೂ ಅಲ್ಲ.

ಮುನವಳ್ಳಿಯ ಪೇಟೆಯಲ್ಲಿ ಈರುಳ್ಳಿ ಇಳಿಸುತ್ತಿದ್ದಾಗ ಮದುವೆ ಮೆರವಣಿಗೆಯ ಪಟಾಕಿಗೆ ಬೆದರಿ ಬಿಜಲಿ ಟೆಂಪೋದಿಂದ ಜಿಗಿದು ಓಡಿದಳು. ಆಮೇಲೆ ಕಾಕಾ ಬಾಡಿಗೆ ಹೋದಲ್ಲೆಲ್ಲ ಕೇಳಿದ್ದೇ ಕೇಳಿದ್ದು. ಏನು ಗುರುತು ಎಂದರೆ, ನಂಬರ್ ಐತ್ರಿ, ಒಳಗ ಐತಿ, ಕಾಣೂದಿಲ್ಲ ಎನ್ನುವರು. ಸವದತ್ತಿಯ ಚಹಾದಂಗಡಿಯಲ್ಲಿ ಒಬ್ಬ, ಕಾಣದ ನಂಬರಿನ ನಾಯಿ ಕಾಣದಂಗ ಆಗೈತಿ, ಲೆಕ್ಕ ಬರೋಬರಿ ಆತಲ್ಲ ಎಂದನಂತೆ. ಅದನ್ನೂ ಕಾಕಾ ನಗುತ್ತಲೇ ನನಗೆ ಹೇಳಿದರು. ಊಟ ಮಾತ್ರ ಅರ್ಧಕ್ಕಿಳಿದಿತ್ತು.

ಬೇಸಿಗೆಯ ಹೊತ್ತಿಗೆ ಚಚಡಿಯ ರೈತರೊಬ್ಬರ ಹೊಲದಲ್ಲಿ ಅಂಥದೇ ನಾಯಿ ಇದೆಯೆಂಬ ಸುದ್ದಿ ಬಂತು. ಇಬ್ಬರೂ ಹೋದೆವು. ಟೆಂಪೋದ ಸದ್ದಿಗೇ ಅವಳು ಹಗ್ಗ ಜಗ್ಗಿ ಎದ್ದು ನಿಂತಳು. ರೈತರು ಕೂಡಿಸಿ ನೀರು ಕೊಟ್ಟರು, ಪೇಟೆಯಲ್ಲಿ ಕೊಂಡದ್ದೆಂದರು. “ನಾಯಿ ನಮ್ದರಿ. ಕಿವಿ ನೋಡ್ರಿ, ನಮ್ಮ ಮನಿತನದ ಸೀಳು ಐತಿ.” ಸೀಳು ಇತ್ತು ನಿಜ. ಅದು ಇನ್ನೂ ಕೆಂಪಗಿತ್ತು ಎಂಬುದನ್ನು ನಾನು ತೋರಿಸಿದೆ. ಮಾತು ಬೆಳೆಯಿತು. ಕೊನೆಗೆ ಕಾಕಾರೇ ನಂಬರು ಓದಿಸೋಣ, ನಂಬರು ಸಿಗದಿದ್ದರೆ ನಾಯಿ ನಿಮ್ಮದು ಎಂದರು. ರೈತರೂ ಒಪ್ಪಿದರು.

ಬೈಲಹೊಂಗಲದ ಒಂದು ಖಾಸಗಿ ಪಶು ದವಾಖಾನೆಯಲ್ಲಿ ಆ ಯಂತ್ರವಿತ್ತು. ಅಲ್ಲಿಯ ಕಂಪೌಂಡರ್ ಅದನ್ನು ಬಿಜಲಿಯ ಕುತ್ತಿಗೆಯ ಹಿಂದೆ ಹಿಡಿದರು. ಯಂತ್ರದಲ್ಲಿ ನಂಬರು ಮೂಡಲಿಲ್ಲ. ಇನ್ನೊಮ್ಮೆ ಹಿಡಿದು, ಚಿಪ್ ಇಲ್ಲ ಎಂದುಬಿಟ್ಟರು. ನಾನು ಸುಮ್ಮನಿರಲಿಲ್ಲ. ಕಿವಿಯ ಹಸಿಗಾಯ, ಟೆಂಪೋದ ಸದ್ದಿಗೆ ಎದ್ದದ್ದು, ಎಲ್ಲ ಒಂದೊಂದಾಗಿ ಎತ್ತಿದೆ. ಭಾಷಣಾ ಹೊರಗ ಮಾಡ್ರಿ ಎಂದರು ಅವರು. ಬಾಗಿಲಲ್ಲಿದ್ದವರು ನಕ್ಕರು.

ನನ್ನನ್ನು ತಡೆದವರು ಕಾಕಾ.

“ಸಾಕು ವಕೀಲ್ರ. ಚೇಸಿ ನಂಬರ್ ಇಲ್ಲಂದ್ರ ಗಾಡಿ ನಮ್ಮದಲ್ಲ.”

ಅಷ್ಟರಲ್ಲಿ ಅವಳು ಹೊರಗೆ ಹಾರಿ ಟೆಂಪೋದ ಸೀಟಿನಲ್ಲಿ ತನ್ನ ಜಾಗ ಹಿಡಿದು ಕೂತಾಗಿತ್ತು. ಕಾಕಾ ಹೋಗಿ, ತಾವೇ ಎತ್ತಿ ಇಳಿಸಿದರು. ಅಂದು ಮೈಮೇಲಿದ್ದದ್ದು ನಮಾಜಿನ ಬಿಳಿ ಅಂಗಿ. ಅವರಿಗೆ ಅದರ ಪರಿವೆಯಿರಲಿಲ್ಲ. ಹಗ್ಗವನ್ನು ರೈತರ ಕೈಗಿಟ್ಟು, ತಪ್ಪಾತ್ರಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಎಂದು ಕೈಮುಗಿದರು. ದಾರಿಯುದ್ದಕ್ಕೂ ಹಿಂದಿನ ಕನ್ನಡಿ ನೋಡಲಿಲ್ಲ. ಊರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು: ಮಂದಿಯ ನಾಯಿ ಕದಿಯಲು ಹೋಗಿದ್ದ. ಆ ಮಾತನ್ನು ಕಾಕಾ ಒಮ್ಮೆಯೂ ಅಲ್ಲಗಳೆಯಲಿಲ್ಲ. ಮಳೆಗಾಲ ಮುಗಿಯುವ ಮೊದಲೇ, ಬೆಳಗಿನ ನಮಾಜಿಗೆ ಕಾಕಿ ಎಬ್ಬಿಸಲು ಹೋದಾಗ ಅವರು ಏಳಲಿಲ್ಲ.

ಮಣ್ಣು ಕೊಟ್ಟ ಮೇಲೆ ನಾನು ಬೆಳಗಾವಿಯ ಡಾಕ್ಟರರನ್ನು ಕಂಡೆ. ಚಿಪ್ ಹಾಕಿದಲ್ಲೇ ನಿಲ್ಲಬೇಕೆಂದಿಲ್ಲವಂತೆ. ಒಮ್ಮೊಮ್ಮೆ ಚರ್ಮದಡಿಯಲ್ಲೇ ಸರಿದು ಭುಜಕ್ಕೆ, ಮುಂಗಾಲಿನ ಕಡೆಗೂ ಇಳಿಯುತ್ತದಂತೆ. ಅದಕ್ಕೇ ಯಂತ್ರವನ್ನು ಮೈತುಂಬ ಆಡಿಸಬೇಕಂತೆ. ಚಚಡಿಗೆ ಹೋದೆ. ಮತ್ತೊಮ್ಮೆ ಓದಿಸೋಣ ಎಂದೆ. ಕೇಳವ್ರ ಹ್ವಾದ ಮ್ಯಾಲ ಯಾರಿಗೆ ಬೇಕಾಗೈತ್ರಿ ಎಂದು ರೈತರು ಬಾಗಿಲೆಳೆದುಕೊಂಡರು.

ಅದು ಬಿಜಲಿಯೇ ಎಂದು ಸಾಧಿಸಲು ನನ್ನ ಬಳಿ ಪುರಾವೆಯಿಲ್ಲ. ಅವಳಲ್ಲ ಎಂಬುದಕ್ಕೆ ಊರಿನ ಬಳಿಯೂ ಇಲ್ಲ. ಕಾಕಾ ಸುಳ್ಳು ಹೇಳಿರಲಿಲ್ಲ, ಅಷ್ಟು ಗೊತ್ತು. ತಮ್ಮ ಕಣ್ಣಿಗಿಂತ, ನಾಯಿಯ ಕಣ್ಣಿಗಿಂತ ಹೆಚ್ಚಾಗಿ ಆ ನಂಬರನ್ನು ನಂಬಿದರು.

ಬೈಲಹೊಂಗಲಕ್ಕೂ ಹೋದೆ. ಕಂಪೌಂಡರ್ ಯಾರದೋ ಬೆಕ್ಕಿಗೆ ಸೂಜಿ ಹಾಕುತ್ತಿದ್ದರು. ಮುಗಿಯುವತನಕ ಕಾದು, ಭಾಷಣ ಮಾಡದೆ, ಒಂದೇ ಮಾತು ಕೇಳಿದೆ:

“ಅವತ್ತ ಆ ಮಿಷನ್ನ ಕುತಗಿ ಬಿಟ್ಟು ಕೆಳಗ ಇಳಿಸಿದ್ರ್ಯಾ?”