ಪರದೆಗೆ ಇಟ್ಟ ಕುಂಕುಮ

ಗೆಳೆಯರೇ, ನಾವೇ ಸೇರಿ ತೆಗೆದ ಕಪ್ಪು-ಬಿಳುಪಿನ ದೆವ್ವದ ಸಿನಿಮಾ ಇವತ್ತು ತರೀಕೆರೆಯ ಟಾಕೀಸಿಗೆ ಬಂತು. ದೆವ್ವವಾಗಿ ನಟಿಸಿದ ನನ್ನ ಹೆಂಡತಿ ಸರೋಜ ಅದನ್ನು ನೋಡಲು ಬದುಕಿ ಉಳಿಯಲಿಲ್ಲ. ಮ್ಯಾಟಿನಿಯಲ್ಲಿ ಅವಳು ಬಾವಿಯಿಂದ ಮೇಲೇಳುತ್ತಿದ್ದಂತೆ ನನ್ನ ಅತ್ತೆ ಎದ್ದು ನಿಂತರು.

"ಮುತ್ತೈದೆಯಾಗಿ ಹೋದೋಳು ಕಣೋ! ಬೋಳು ಹಣೇಲಿ ನಿಲ್ಸಿದ್ದೀಯಲ್ಲೋ!"

"ದೆವ್ವ ಕಣಮ್ಮಾ ಅದು. ಕುಂಕುಮ ಇಟ್ರೆ ಯಾರು ಹೆದರ್ತಾರೆ?" ಎಂದ ನಿರ್ದೇಶಕ ಬಷೀರ್.

"ನನ್ ಮಗಳನ್ನ ನೋಡಿ ಯಾರೂ ಹೆದರ್ಬೇಕಾಗಿಲ್ಲ."

ಆಟ ಮುಗಿದೊಡನೆ ಅತ್ತೆ ಮುಂದೆ ಹೋಗಿ, ಕೈಗೆಟುಕಿದಲ್ಲಿ ಪರದೆಗೇ ಕುಂಕುಮ ಹಚ್ಚಿಬಿಟ್ಟರು. ಬಷೀರ್ ಎಷ್ಟು ಒರೆಸಿದರೂ ಅದು ಹೋಗಲಿಲ್ಲ.

ಸಂಜೆಯ ಆಟದಲ್ಲಿ ಆ ಕೆಂಪು ನಾಯಕನ ಮೊಣಕಾಲಿಗೂ ಪೊಲೀಸರ ಬೂಟಿಗೂ ಹತ್ತಿತು, ಜನ ನಕ್ಕರು. ಸರೋಜ ಬಾವಿಯಿಂದ ಏಳುವಾಗ ಒಂದು ಗಳಿಗೆ ಸರಿಯಾಗಿ ಹಣೆಗೆ ಬಂತು. ಆಗ ಯಾರೂ ನಗಲಿಲ್ಲ, ಹೆದರಲೂ ಇಲ್ಲ. ಬಷೀರನ ದೆವ್ವದ ಸಿನಿಮಾ ಕೆಟ್ಟಿತು. ನಾನು ನಾಳೆಯೂ ಹೋಗುತ್ತೇನೆ.